ನಾಲ್ಕು ವೋಲ್ಟಿನ ಪೂರ್ವಕಥೆ

ಲಿಥಿಯಮ್-ಅಯಾನು ಬ್ಯಾಟರಿಯ ಮೈಮೇಲೆ 3.7 ವೋಲ್ಟ್ ಎಂದೋ 3.6 ವೋಲ್ಟ್ ಎಂದೋ ಅಚ್ಚಾಗಿರುವುದನ್ನು ಕಂಡವರು ಅದನ್ನು ಆ ಕೋಶದ ಸ್ಥಿರಗುಣವೆಂದು ಭಾವಿಸುವುದು ಸಹಜವೇ ಸರಿ. ಆದರೆ ಆ ಅಂಕಿ ಒಂದು ಸರಾಸರಿಯೇ ಹೊರತು, ಕೋಶವು ಅಲ್ಲಿ ನೆಲೆಯಾಗಿ ನಿಲ್ಲುವ ಗಳಿಗೆಯೆಂಬುದೊಂದಿಲ್ಲ. ಚಾರ್ಜು ಪೂರ್ತಿ ತುಂಬಿದಾಗ ಅದರ ವೋಲ್ಟೇಜು 4.2, ಬಳಕೆ ಮೊದಲಾದೊಡನೆ ಅದು ತುಸು ಬೇಗನೆ 4ರ ಸಮೀಪಕ್ಕೆ ಇಳಿದು, ಅನಂತರ ಬಹುಕಾಲ 3.9ರಿಂದ 3.6ರವರೆಗಿನ ಮಂದವಾದ ಇಳಿಜಾರಿನಲ್ಲಿ ಸಾಗಿ, ಕಡೆಯಲ್ಲಿ 3.4ನ್ನು ದಾಟಿದ ಮೇಲೆ ಹಿಡಿತವಿಲ್ಲದೆ ಕುಸಿದು 3ನ್ನು ಮುಟ್ಟುತ್ತದೆ. ಮತ್ತೆ ಚಾರ್ಜು ಏರಿಸುವಾಗ ಇದೇ ದಾರಿಯನ್ನು ಹಿಮ್ಮುಖವಾಗಿ, ಆದರೆ ಸ್ವಲ್ಪ ಮೇಲಿನ ಮಟ್ಟದಲ್ಲಿ, ಹತ್ತುತ್ತದೆ. ಕಣಜದಲ್ಲಿ ಧಾನ್ಯವೆಷ್ಟು ಉಳಿದಿದೆಯೆಂಬುದನ್ನು ರಾಶಿಯ ಎತ್ತರ ತಿಳಿಸುವಂತೆ, ಕೋಶದಲ್ಲಿ ಚಾರ್ಜೆಷ್ಟು ಉಳಿದಿದೆಯೆಂಬುದನ್ನು ವೋಲ್ಟೇಜು ತಿಳಿಸುತ್ತದೆಂಬ ನಂಬಿಕೆ ಲೋಕದಲ್ಲಿದೆ. ಅದು ಅರ್ಧಸತ್ಯ ಮಾತ್ರ. ಸ್ಫಟಿಕದ ಒಳಗೆ ಲಿಥಿಯಮಿನ ಇರವು ಆ ಕ್ಷಣದಲ್ಲಿ ಎಂಥದೆಂಬುದಕ್ಕೆ ವೋಲ್ಟೇಜು ಸಾಕ್ಷಿಯಾಗುತ್ತದೆ. ಮೊತ್ತವನ್ನು ನಾವು ಅದರಿಂದ ಊಹಿಸಿಕೊಳ್ಳಬೇಕು. ಈ ಏರಿಳಿತದ ರೇಖೆಯ ಮೇಲಿನ ಒಂದೊಂದು ಅಂಕಿಯ ಹಿಂದೆಯೂ ಯಾವುದೋ ಪ್ರಯೋಗಶಾಲೆಯ ಆಶೆ ಅಥವಾ ಯಾವುದೋ ಕಾರ್ಖಾನೆಯ ಭಯ ಅಡಗಿದೆ. ವಿಚಿತ್ರವೆಂದರೆ, ಈ ಚರಿತ್ರೆ ಮೊದಲಾದದ್ದು ಏರಿಳಿಯದ ವೋಲ್ಟೇಜನ್ನು ಪಡೆಯಬೇಕೆಂಬ ಹಟದಿಂದ.

ಇಟಲಿಯ ಅಲೆಸ್ಸಾಂಡ್ರೋ ವೋಲ್ಟಾ ಎಂಬ ಪಂಡಿತನು 1800ನೆಯ ಇಸವಿಯ ಮಾರ್ಚ್ 20ರಂದು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದ ಜೋಸೆಫ್ ಬ್ಯಾಂಕ್ಸನಿಗೆ ಕಾಗದ ಬರೆದು, ಸತುವಿನ ಬಿಲ್ಲೆ, ಬೆಳ್ಳಿಯ ಬಿಲ್ಲೆ, ಉಪ್ಪುನೀರಿನಲ್ಲಿ ನೆನೆದ ರಟ್ಟು, ಇವನ್ನು ಒಂದರ ಮೇಲೊಂದರಂತೆ ಪೇರಿಸಿದ ತನ್ನ ಕಂಬದ ವರ್ಣನೆಯನ್ನು ಲೋಕಕ್ಕೆ ತಿಳಿಸಿದನು. ಎಡೆಬಿಡದೆ ಹರಿಯುವ ವಿದ್ಯುತ್ತನ್ನು ಮನುಷ್ಯನು ಕಂಡದ್ದು ಅದೇ ಮೊದಲು; ಆದರೆ ಆ ಹರಿವಿಗೆ ಸ್ಥೈರ್ಯವಿರಲಿಲ್ಲ. ಲೋಹದ ಮೇಲೆ ಜಲಜನಕದ ಗುಳ್ಳೆಗಳು ಕವಿದುಕೊಂಡು ಕೆಲವು ನಿಮಿಷಗಳಲ್ಲಿಯೇ ಕಂಬದ ಬಲ ಕುಂದುತ್ತಿದ್ದಿತು. ಈ ದೋಷವನ್ನು ಪರಿಹರಿಸಿದವನು ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದ ಜಾನ್ ಫ್ರೆಡರಿಕ್ ಡೇನಿಯಲ್. 1836ರಲ್ಲಿ ಆತನು ಒಂದರ ಬದಲು ಎರಡು ದ್ರವಗಳನ್ನು ಉಪಯೋಗಿಸಿ, ನಡುವೆ ಎತ್ತಿನ ಅನ್ನನಾಳದ ಪೊರೆಯನ್ನು ತೂಗುಬಿಟ್ಟು, ತಾಮ್ರದ ಕಡೆಯಲ್ಲಿ ಜಲಜನಕವು ಹುಟ್ಟುವ ಸ್ಥಳದಲ್ಲಿ ತಾಮ್ರವೇ ಕೂಡುವಂತೆ ಏರ್ಪಡಿಸಿದನು. ಆ ಕೋಶದ ವೋಲ್ಟೇಜು ಸುಮಾರು 1.1, ಗಂಟೆಗಟ್ಟಲೆ ನಡೆದರೂ ಅದು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತಿದ್ದಿತು. ಪೊರೆಯ ಸ್ಥಳಕ್ಕೆ ಮುಂದೆ ಸೂಕ್ಷ್ಮರಂಧ್ರಗಳುಳ್ಳ ಮಣ್ಣಿನ ಪಾತ್ರೆ ಬಂದಿತು, ಮತ್ತು ತಂತಿ ಸಮಾಚಾರದ ಕಚೇರಿಗಳು ಇಂಥ ಕೋಶಗಳ ಸಾಲುಗಳನ್ನೇ ನೆಮ್ಮಿ ಬೆಳೆದವು.

1881ರಲ್ಲಿ ಪ್ಯಾರಿಸ್ಸಿನಲ್ಲಿ ನೆರೆದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನವು ವೋಲ್ಟ್ ಎಂಬ ಮಾನಕ್ಕೆ ಮನ್ನಣೆ ಕೊಟ್ಟಮೇಲೆ, ಆ ಮಾನವನ್ನು ಕೈಯಲ್ಲಿ ಹಿಡಿದು ತೋರಿಸಬಲ್ಲ ಕೋಶವೊಂದರ ಅಗತ್ಯ ಹೆಚ್ಚಿತು. ಲ್ಯಾಟಿಮರ್ ಕ್ಲಾರ್ಕ್ ಎಂಬ ಆಂಗ್ಲ ಎಂಜಿನಿಯರು ಪಾದರಸ ಮತ್ತು ಸತುವಿನಿಂದ ಮಾಡಿದ್ದ ಕೋಶವು ಮೊದಲು ಆ ಸ್ಥಾನದಲ್ಲಿದ್ದು, 1893ರಲ್ಲಿ ಎಡ್ವರ್ಡ್ ವೆಸ್ಟನ್ ಕ್ಯಾಡ್ಮಿಯಮನ್ನು ಬಳಸಿ ಮಾಡಿದ ಕೋಶವು ಅದನ್ನು ಹಿಂದಿಕ್ಕಿತು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 1.0183 ವೋಲ್ಟ್ ತೋರುತ್ತಿದ್ದ ಆ ಗಾಜಿನ ಕೋಶವನ್ನು ಅಳತೆಯ ಪ್ರಯೋಗಶಾಲೆಗಳು ದಶಕಗಳ ಕಾಲ ಜತನದಿಂದ ಕಾಪಾಡಿಕೊಂಡವು. ಅದರಿಂದ ಗಣನೀಯವಾದ ಪ್ರವಾಹವನ್ನು ಎಳೆಯಕೂಡದೆಂಬ ನಿಯಮವಿದ್ದಿತು, ಏಕೆಂದರೆ ಎಳೆದರೆ ಅದರ ಸ್ಥೈರ್ಯ ಕೆಡುತ್ತಿದ್ದಿತು. ಕೆಲಸ ಮಾಡದಿರುವುದೇ ಕೆಲಸವಾಗಿದ್ದ ಕೋಶವೆಂದು ಅದನ್ನು ಕರೆಯಬಹುದು.

ಮತ್ತೆ ಮತ್ತೆ ಚಾರ್ಜು ಮಾಡಬಹುದಾದ ಕೋಶದ ಕಥೆ 1859ರಲ್ಲಿ ಫ್ರಾನ್ಸಿನ ಗಾಸ್ತೋ ಪ್ಲಾಂಟೆಯಿಂದ ಮೊದಲಾಗುತ್ತದೆ. ಆತನ ಸೀಸದ ಕೋಶವು ಸುಮಾರು 2.1 ವೋಲ್ಟಿನಿಂದ ಇಳಿಯುತ್ತ 1.8ರ ಹತ್ತಿರ ಬಂದಾಗ ಬರಿದಾಯಿತೆಂದು ಲೆಕ್ಕ. ಈ ಅಲ್ಪವಾದ ಇಳಿತವನ್ನು ನೋಡಿ ಚಾರ್ಜಿನ ಮೊತ್ತವನ್ನು ಊಹಿಸುವ ಕಷ್ಟ ಯಾರಿಗೂ ಬರಲಿಲ್ಲ, ಏಕೆಂದರೆ ಆ ಕೋಶದಲ್ಲಿ ಗಂಧಕಾಮ್ಲವೇ ಖರ್ಚಾಗುತ್ತದೆ. ಚಾರ್ಜು ಇಳಿದಂತೆ ಆಮ್ಲ ತೆಳುವಾಗುತ್ತದೆ. ನಮ್ಮ ಊರುಗಳ ಬ್ಯಾಟರಿ ಅಂಗಡಿಗಳಲ್ಲಿ ಹೈಡ್ರಾಮೀಟರಿನ ರಬ್ಬರ್ ಗುಂಡನ್ನು ಅದುಮಿ ಬಿಟ್ಟು, ಒಂದೊಂದು ಬಿರಡೆಯ ಕೆಳಗಿನಿಂದಲೂ ಆಮ್ಲವನ್ನು ಮೇಲಕ್ಕೆಳೆದು, ಒಳಗಿನ ತೇಲುಗಡ್ಡಿ ಎಲ್ಲಿ ನಿಂತಿದೆಯೆಂದು ಕಣ್ಣು ಕಿರಿದುಮಾಡಿ ನೋಡುವವನು ಗ್ರ್ಯಾವಿಟಿ 1280 ಎಂದರೆ ತುಂಬಿದೆಯೆಂದೂ 1150ರ ಕೆಳಗೆ ಬಂದರೆ ಚಾರ್ಜಿಗೆ ಇಡಬೇಕೆಂದೂ ಅರ್ಥ. ದಶಮಾಂಶದ ಚುಕ್ಕೆಯನ್ನು ಆತನೂ ಹೇಳುವುದಿಲ್ಲ, ಕೇಳುವವರೂ ವಿಚಾರಿಸುವುದಿಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಸಹ 6 ವೋಲ್ಟಿನ 8 ಸೀಸದ ಬ್ಯಾಟರಿಗಳ ಬಲದಿಂದಲೇ ಓಡುತ್ತಿದ್ದಿತು. ಲಿಥಿಯಮ್-ಅಯಾನು ಕೋಶದಲ್ಲಾದರೋ ಈ ಅನುಕೂಲವಿಲ್ಲ. ಅಲ್ಲಿ ದ್ರವವು ಖರ್ಚಾಗುವುದಿಲ್ಲ. ಲಿಥಿಯಮ್ ಅಯಾನುಗಳು ಅದರ ಮೂಲಕ ಈ ದಡದಿಂದ ಆ ದಡಕ್ಕೆ ಹಾಯುತ್ತವೆ, ಅಷ್ಟೆ. ಬಿಗಿಯಾಗಿ ಮುಚ್ಚಿದ ಆ ಡಬ್ಬಿಯ ಒಳಗನ್ನು ಅರಿಯಲು ಹೊರಗಿನವನಿಗೆ ಉಳಿದಿರುವ ಮುಖ್ಯವಾದ ಕಿಂಡಿ ವೋಲ್ಟೇಜು.

ಆ ಕಿಂಡಿಯಲ್ಲಿ ಕಾಣುವುದೇನೆಂಬುದನ್ನು ತಿಳಿಯಲು ಬೇಕಾದ ಗಣಿತವು ಲಿಥಿಯಮ್ ಕೋಶಕ್ಕಿಂತ ನೂರು ವರ್ಷ ಮೊದಲೇ ಸಿದ್ಧವಾಗಿದ್ದಿತು. ಅಮೆರಿಕದ ವಿಲ್ಲರ್ಡ್ ಗಿಬ್ಸ್ 1870ರ ದಶಕದಲ್ಲಿ ಪದಾರ್ಥಗಳ ಸಮತೋಲದ ನಿಯಮಗಳನ್ನು ನಿರೂಪಿಸಿದನು; ಜರ್ಮನಿಯ ವಾಲ್ಟರ್ ನೆರ್ನ್‌ಸ್ಟ್ 1889ರಲ್ಲಿ ಕೋಶದ ವೋಲ್ಟೇಜು ಅದರೊಳಗಿನ ಪದಾರ್ಥಗಳ ಸಾಂದ್ರತೆಯನ್ನು ಹೇಗೆ ಅನುಸರಿಸುತ್ತದೆಂಬುದನ್ನು ಸಮೀಕರಣದಲ್ಲಿ ಹಿಡಿದನು. ಇವೆರಡನ್ನೂ ಕೂಡಿಸಿದರೆ ದೊರೆಯುವ ತತ್ತ್ವ ಸರಳವಾದದ್ದು. ಲಿಥಿಯಮ್ ಒಳಹೊಕ್ಕಂತೆಲ್ಲ ಸ್ಫಟಿಕವು ಒಂದೇ ರೂಪದಲ್ಲಿದ್ದು ಅದರ ಸಂಯೋಜನೆ ಮಾತ್ರ ಕ್ರಮಕ್ರಮವಾಗಿ ಬದಲಾಗುವುದಾದರೆ, ವೋಲ್ಟೇಜು ಇಳಿಜಾರಾಗಿ ಸರಿಯುತ್ತದೆ. ಸ್ಫಟಿಕವು ಲಿಥಿಯಮ್ ಉಳ್ಳದ್ದು ಮತ್ತು ಇಲ್ಲದ್ದು ಎಂದು ಎರಡು ರೂಪಗಳಾಗಿ ಒಡೆದು, ಒಂದು ಬೆಳೆಯುತ್ತ ಇನ್ನೊಂದು ಕರಗುತ್ತ ಹೋದರೆ, ಎರಡೂ ಇರುವಷ್ಟು ಕಾಲ ವೋಲ್ಟೇಜು ಅಲುಗಾಡದೆ ನಿಲ್ಲುತ್ತದೆ. ರೇಖೆಯ ಚಪ್ಪಟೆಯಾದ ಭಾಗಗಳೂ ಇಳಿಜಾರುಗಳೂ ಹೀಗೆ ಸ್ಫಟಿಕದ ಆಂತರ್ಯದ ಬರಹಗಳು. ಬ್ಯಾಟರಿಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಹೊಸ ಪದಾರ್ಥಗಳ ಹೆಸರುಗಳನ್ನೇ ಕೊಂಡಾಡಿ ಈ ಇಬ್ಬರು ಹಿರಿಯರನ್ನು ಅಡಿಟಿಪ್ಪಣಿಗೆ ಇಳಿಸುವುದು ನನಗೆ ನ್ಯಾಯವೆಂದು ತೋರುವುದಿಲ್ಲ.

1973ರ ತೈಲದ ಸಂಕಷ್ಟದ ಕಾಲದಲ್ಲಿ, ತೈಲವನ್ನು ಮಾರಿಯೇ ಬೆಳೆದಿದ್ದ ಎಕ್ಸಾನ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ, ಆಂಗ್ಲ ರಸಾಯನವಿಜ್ಞಾನಿ ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಟೈಟಾನಿಯಮ್ ಡೈಸಲ್ಫೈಡಿನ ಪದರಗಳ ನಡುವೆ ಲಿಥಿಯಮನ್ನು ಸೇರಿಸುವ ಮತ್ತು ತೆಗೆಯುವ ವಿದ್ಯೆಯನ್ನು ಸಾಧಿಸುತ್ತಿದ್ದರು. 1976ರಲ್ಲಿ ಪ್ರಕಟವಾದ ಅವರ ಲೇಖನವು ಈ ಕ್ಷೇತ್ರಕ್ಕೆ ಅಡಿಗಲ್ಲಾಯಿತು. ಆ ಕೋಶದ ವೋಲ್ಟೇಜು 2ಕ್ಕಿಂತ ಸ್ವಲ್ಪ ಹೆಚ್ಚು. ಪದರಗಳು ಒಡೆಯದೆ, ರೂಪ ಬದಲಿಸದೆ, ತುಸುವೇ ಅಗಲಗೊಂಡು ಲಿಥಿಯಮನ್ನು ಒಳಗೆ ಬಿಟ್ಟುಕೊಳ್ಳುತ್ತಿದ್ದುದರಿಂದ ರೇಖೆಯು ಮೊದಲಿಂದ ಕಡೆಯವರೆಗೆ ಒಂದೇ ನಯವಾದ ಇಳಿಜಾರು. ಕೇಡು ಬಂದದ್ದು ಇನ್ನೊಂದು ದಡದಲ್ಲಿ. ಅಲ್ಲಿದ್ದುದು ಶುದ್ಧವಾದ ಲಿಥಿಯಮ್ ಲೋಹ. ಪ್ರತಿ ಸಲ ಚಾರ್ಜು ಮಾಡಿದಾಗಲೂ ಆ ಲೋಹವು ಸಮನಾಗಿ ಕೂಡದೆ ಸೂಜಿಗಳಂತೆ ಬೆಳೆದು ಎದುರು ದಡವನ್ನು ತಾಕಿ ಕಿಡಿಗೆ ಕಾರಣವಾಗುತ್ತಿದ್ದಿತು. ಎಕ್ಸಾನ್ ಆ ಉದ್ಯಮವನ್ನು ಕೈಬಿಟ್ಟಿತು. ಕೆನಡಾದ ಮೋಲಿ ಎನರ್ಜಿ ಎಂಬ ಕಂಪನಿಯು ಲಿಥಿಯಮ್ ಲೋಹವನ್ನೇ ನೆಚ್ಚಿ ಮಾರುಕಟ್ಟೆಗೆ ಇಳಿದು, 1989ರಲ್ಲಿ ಜಪಾನಿನ ಮೊಬೈಲ್ ಫೋನುಗಳಲ್ಲಿ ಬೆಂಕಿ ಕಾಣಿಸಿಕೊಂಡ ಮೇಲೆ ತನ್ನ ಕೋಶಗಳನ್ನೆಲ್ಲ ಹಿಂದಕ್ಕೆ ಪಡೆಯಬೇಕಾಯಿತು.

ಇಷ್ಟರೊಳಗೆ 2ನ್ನು 4 ಮಾಡುವ ಕಾರ್ಯ ಆಕ್ಸ್‌ಫರ್ಡಿನಲ್ಲಿ ನಡೆದುಹೋಗಿದ್ದಿತು. ಜಾನ್ ಗುಡ್‌ಇನಫ್ ಮೂಲತಃ ಭೌತವಿಜ್ಞಾನಿ; ಅಮೆರಿಕದಲ್ಲಿ ಗಣಕಯಂತ್ರಗಳ ಸ್ಮೃತಿಗೆ ಬೇಕಾದ ಕಾಂತೀಯ ಆಕ್ಸೈಡುಗಳ ಮೇಲೆ ಬಹುಕಾಲ ದುಡಿದು, 1976ರಲ್ಲಿ ಆಕ್ಸ್‌ಫರ್ಡಿನ ಅಜೈವಿಕ ರಸಾಯನ ಪ್ರಯೋಗಾಲಯದ ಮುಖ್ಯಸ್ಥರಾಗಿ ಬಂದಾಗ ಅವರಿಗೆ ಐವತ್ತು ದಾಟಿತ್ತು. ಆಕ್ಸೈಡಿನಲ್ಲಿ ಎಲೆಕ್ಟ್ರಾನುಗಳು ಯಾವ ಆಳದಲ್ಲಿ ಕುಳಿತಿರುತ್ತವೆಂಬುದು ಅವರಿಗೆ ಕರತಲಾಮಲಕ. ಗಂಧಕದ ಸಂಯುಕ್ತದಲ್ಲಿ ವೋಲ್ಟೇಜನ್ನು ಏರಿಸಲು ಹೋದರೆ ಲೋಹವು ಎಲೆಕ್ಟ್ರಾನನ್ನು ಕೊಡುವುದಕ್ಕೆ ಮೊದಲು ಗಂಧಕವೇ ತನ್ನದನ್ನು ಬಿಟ್ಟುಕೊಡುತ್ತದೆ. ಆಮ್ಲಜನಕವು ತನ್ನ ಎಲೆಕ್ಟ್ರಾನುಗಳನ್ನು ಅದಕ್ಕಿಂತ ಆಳದಲ್ಲಿ ಬಿಗಿಹಿಡಿದಿರುವುದರಿಂದ ಆಕ್ಸೈಡಿನಲ್ಲಿ ಇನ್ನೂ ಮೇಲಕ್ಕೆ ಏರಬಹುದು: ಇದು ಅವರ ತರ್ಕ. ಟೋಕಿಯೋದಿಂದ ಬಂದಿದ್ದ ಕೋಇಚಿ ಮಿಜುಶಿಮಾ ಮತ್ತಿತರರೊಡನೆ ಸೇರಿ 1980ರಲ್ಲಿ ಅವರು ಪ್ರಕಟಿಸಿದ ಲಿಥಿಯಮ್ ಕೋಬಾಲ್ಟ್ ಆಕ್ಸೈಡು ಲಿಥಿಯಮ್ ಲೋಹದ ಎದುರಿಗೆ 4 ವೋಲ್ಟನ್ನು ಕೊಟ್ಟಿತು. ವಿಶ್ವವಿದ್ಯಾನಿಲಯವು ಅದಕ್ಕೆ ಪೇಟೆಂಟ್ ಪಡೆಯುವ ಆಸಕ್ತಿ ತೋರಲಿಲ್ಲ. ಹಾರ್ವೆಲ್ಲಿನ ಪರಮಾಣು ಶಕ್ತಿ ಸಂಶೋಧನ ಸಂಸ್ಥೆಯು ಅದನ್ನು ಪಡೆಯಿತು, ಗುಡ್‌ಇನಫ್ ಅವರು ತಮ್ಮ ಹಕ್ಕನ್ನು ಬರೆದುಕೊಟ್ಟರು. 2019ರಲ್ಲಿ ವಿಟಿಂಗ್‌ಹ್ಯಾಮ್ ಮತ್ತು ಜಪಾನಿನ ಅಕಿರಾ ಯೋಶಿನೋ ಅವರೊಡನೆ ನೊಬೆಲ್ ಬಹುಮಾನವು ಬಂದಾಗ ಅವರ ವಯಸ್ಸು 97; ಆ ಬಹುಮಾನವನ್ನು ಪಡೆದವರಲ್ಲೆಲ್ಲ ಅವರೇ ಹಿರಿಯರು.

ಕೋಬಾಲ್ಟ್ ಆಕ್ಸೈಡಿಗೆ ಇನ್ನೊಂದು ವಿಶೇಷವಿದ್ದಿತು, ಮತ್ತು ಅದರ ಮಹತ್ತ್ವವನ್ನು ಪೂರ್ಣವಾಗಿ ಉಪಯೋಗಿಸಿಕೊಂಡವರು ಅದೇ ಯೋಶಿನೋ. ಅದು ಹುಟ್ಟುವಾಗಲೇ ಲಿಥಿಯಮನ್ನು ತನ್ನೊಳಗೆ ಇಟ್ಟುಕೊಂಡಿರುವುದರಿಂದ ಎದುರು ದಡದಲ್ಲಿ ಲಿಥಿಯಮ್ ಲೋಹವನ್ನು ಇಡಬೇಕಾದ ಅಗತ್ಯವೇ ಇಲ್ಲ. 1982ರ ವರ್ಷಾಂತ್ಯದಲ್ಲಿ ಕೊಠಡಿಯನ್ನು ಚೊಕ್ಕಟ ಮಾಡಿದ ಮೇಲೆ ಬಿಡುವಾಗಿ ಕುಳಿತು ಆಕ್ಸ್‌ಫರ್ಡಿನ ಲೇಖನವನ್ನು ಓದಿದುದಾಗಿ ಯೋಶಿನೋ ಅವರೇ ಹೇಳಿಕೊಂಡಿದ್ದಾರೆ. ಮೊದಲು ಪಾಲಿಅಸಿಟಿಲೀನ್ ಎಂಬ ವಿದ್ಯುದ್ವಾಹಕ ಪ್ಲಾಸ್ಟಿಕ್ಕನ್ನು, ಅದು ಬಹಳ ಜಾಗ ಹಿಡಿಯುವುದೆಂದು ಕಂಡಮೇಲೆ ಇಂಗಾಲವನ್ನು, ಋಣಾಗ್ರದಲ್ಲಿಟ್ಟು ಅವರು ಕೋಶವನ್ನು ಕಟ್ಟಿದರು; 1985ರಲ್ಲಿ ಪೇಟೆಂಟಿಗೆ ಅರ್ಜಿ ಹೋಯಿತು. ಹೀಗೆ ಕಟ್ಟಿದ ಕೋಶವು ಕಾರ್ಖಾನೆಯಲ್ಲಿ ಬರಿದಾಗಿಯೇ ಜನ್ಮ ತಾಳುತ್ತದೆ. ಮೊದಲ ಸಲ ಚಾರ್ಜು ಮಾಡುವವರೆಗೆ ಅದರಲ್ಲಿ ಅಪಾಯವೂ ಕಡಿಮೆ, ಪ್ರಯೋಜನವೂ ಇಲ್ಲ. ಆ ಮೊದಲ ಚಾರ್ಜನ್ನು ಕಾರ್ಖಾನೆಯಲ್ಲಿಯೇ ಬಹು ನಿಧಾನವಾಗಿ ನಡೆಸುತ್ತಾರೆ, ಏಕೆಂದರೆ ಇಂಗಾಲದ ಮೇಲೆ ದ್ರವವು ಸ್ವಲ್ಪ ವಿಘಟಿಸಿ ಕಟ್ಟುವ ಅತಿ ತೆಳುವಾದ ಪೊರೆಯೇ ಮುಂದೆ ಕೋಶದ ಆಯುಷ್ಯವನ್ನೆಲ್ಲ ಕಾಯಬೇಕಾದದ್ದು. ಆ ಪೊರೆಗಾಗಿ ಲಿಥಿಯಮಿನ ಒಂದಂಶವು ಸದಾಕಾಲಕ್ಕೂ ಖರ್ಚಾಗಿ ಹೋಗುತ್ತದೆ.

ಸೋನಿ ಕಂಪನಿಯು 1991ರಲ್ಲಿ ಈ ಕೋಶವನ್ನು ಮಾರಾಟಕ್ಕೆ ತಂದಾಗ ಎದುರಾದ ಪ್ರಶ್ನೆ, ಎಷ್ಟು ಮೇಲಕ್ಕೆ ಏರಿಸುವುದೆಂಬುದು. ಕೋಬಾಲ್ಟ್ ಆಕ್ಸೈಡಿನ ಗ್ರಾಮೊಂದರಿಂದ ಲೆಕ್ಕದ ಪ್ರಕಾರ 274 ಮಿಲಿಆಂಪಿಯರ್-ಗಂಟೆಗಳಷ್ಟು ಚಾರ್ಜನ್ನು ಪಡೆಯಬಹುದು. ಆದರೆ ಲಿಥಿಯಮಿನ ಅರ್ಧಭಾಗ ಹೊರಬಿದ್ದ ಮೇಲೆ ಪದರಗಳನ್ನು ಹಿಡಿದಿರುವ ಬಂಧ ಸಡಿಲವಾಗುತ್ತದೆ, ಇನ್ನೂ ಎಳೆದರೆ ರಚನೆಯೇ ಕದಲಿ, ಕಾವು ಏರಿದಾಗ ಆಮ್ಲಜನಕವು ಹೊರಕ್ಕೆ ಬರುತ್ತದೆ. ಆದಕಾರಣ ಸುಮಾರು 140ರಲ್ಲಿಯೇ ತೃಪ್ತಿಪಟ್ಟುಕೊಳ್ಳಬೇಕಾಯಿತು. ಆ ಅರ್ಧದ ಗುರುತೇ 4.2 ವೋಲ್ಟು. 1990ರ ದಶಕದಲ್ಲಿ 4.1ರ ಗಡಿ, 4.2ರ ಗಡಿ ಎಂಬ ಎರಡು ಸಂಪ್ರದಾಯಗಳು ಜೊತೆಜೊತೆಯಾಗಿ ನಡೆದವು; ಚಾರ್ಜರಿನ ಚಿಪ್ಪುಗಳನ್ನು ಮಾರುವವರು ಒಂದೊಂದು ಗಡಿಗೂ ಒಂದೊಂದು ಬಗೆಯನ್ನು ಇಟ್ಟುಕೊಂಡಿದ್ದರು. ವೋಲ್ಟಿನ ಹತ್ತರಲ್ಲೊಂದು ಪಾಲು ಕಡಿಮೆ ಏರಿಸಿದರೆ ಚಾರ್ಜಿನಲ್ಲಿ ಸುಮಾರು ಹತ್ತನೆಯ ಒಂದು ಪಾಲು ಕಡಿಮೆ ಸಿಕ್ಕುವುದು, ಆದರೆ ಕೋಶವು ಗಣನೀಯವಾಗಿ ಹೆಚ್ಚು ಕಾಲ ಬಾಳುವುದು. ವ್ಯಾಪಾರವು 4.2ನ್ನು ಆರಿಸಿಕೊಂಡಿತು, ಮುಂದೆ ಆಕ್ಸೈಡಿನ ಕಣಗಳಿಗೆ ಲೇಪನ ಮಾಡುವ ಉಪಾಯ ಬಲಿತ ಮೇಲೆ ಫೋನುಗಳಲ್ಲಿ 4.35, 4.4 ಎಂದು ಇನ್ನೂ ಮೇಲಕ್ಕೆ ಹೋಯಿತು. ಫೋನು ಎರಡು ಮೂರು ವರ್ಷಕ್ಕೆ ಸೊರಗುವುದೆಂದು ದೂರುವವರು ಈ ಆಯ್ಕೆಯನ್ನೂ ನೆನೆಯಬೇಕು.

ಗಡಿ ಇಷ್ಟು ಸೂಕ್ಷ್ಮವಾದ ಮೇಲೆ ಚಾರ್ಜು ಮಾಡುವ ಕ್ರಮವೂ ಸೂಕ್ಷ್ಮವಾಗಬೇಕಾಯಿತು. ಮೊದಲ ಘಟ್ಟದಲ್ಲಿ ಪ್ರವಾಹವನ್ನು ಸಮನಾಗಿ ಹರಿಯಿಸಿ ವೋಲ್ಟೇಜನ್ನು ಏರಲು ಬಿಡುತ್ತಾರೆ, 4.2 ಮುಟ್ಟಿದೊಡನೆ, ವೋಲ್ಟಿನ ನೂರರಲ್ಲಿ ಐದು ಪಾಲಿಗಿಂತ ಹೆಚ್ಚು ತಪ್ಪದಂತೆ ಅದನ್ನು ಅಲ್ಲಿಯೇ ಕಟ್ಟಿಹಾಕಿ, ಪ್ರವಾಹವನ್ನು ತಾನಾಗಿ ಕ್ಷೀಣಿಸಲು ಬಿಡುತ್ತಾರೆ. ಈ ಎರಡನೆಯ ಘಟ್ಟದ ಅಗತ್ಯವಿರುವುದಕ್ಕೆ ಕಾರಣ, ಚಾರ್ಜಾಗುತ್ತಿರುವ ಕೋಶದ ಹೊರಗೆ ಕಾಣುವ ವೋಲ್ಟೇಜು ಅದರ ಒಳಗಿನ ನಿಜಸ್ಥಿತಿಗಿಂತ ಯಾವಾಗಲೂ ಸ್ವಲ್ಪ ಮೇಲಿರುತ್ತದೆ. ಬಳಕೆಯಲ್ಲಿ ಅಷ್ಟೇ ಕೆಳಗಿರುತ್ತದೆ. ದ್ರವದ ಅಡ್ಡಿ, ಹೊಸ್ತಿಲನ್ನು ದಾಟುವ ಅಡ್ಡಿ, ಕಣದ ಮೇಲ್ಮೈಯಿಂದ ಅದರ ಗರ್ಭಕ್ಕೆ ಲಿಥಿಯಮ್ ಸೇರುವ ನಿಧಾನ, ಇವೆಲ್ಲವೂ ಪ್ರವಾಹದಿಂದ ಸುಂಕ ವಸೂಲು ಮಾಡುತ್ತವೆ. ಚಳಿಯಲ್ಲಿ ಸುಂಕ ಹೆಚ್ಚು, ಮುಪ್ಪಿನಲ್ಲಿಯೂ ಹೆಚ್ಚು. ಪೂರ್ತಿ ಇಳಿದು ಆರಿಹೋದ ಫೋನು ಅರ್ಧ ಗಂಟೆ ಬಿಟ್ಟು ಒತ್ತಿದರೆ ಮತ್ತೆ ಕೆಲವು ನಿಮಿಷ ಕಣ್ಣು ಬಿಡುವುದು ಇದರಿಂದಲೇ. ಪ್ರವಾಹ ನಿಂತಾಗ ಸುಂಕವೂ ನಿಂತು, ಕೋಶವು ತನ್ನ ಸಹಜವಾದ ವೋಲ್ಟೇಜಿಗೆ ಮರಳಿರುತ್ತದೆ. ವೆಪ್ನರ್ ಮತ್ತು ಹಗಿನ್ಸ್ ಎಂಬ ಇಬ್ಬರು ಸಂಶೋಧಕರು 1977ರಲ್ಲಿ ಈ ಮರಳುವಿಕೆಯನ್ನೇ ಅಳತೆಯ ಉಪಕರಣವಾಗಿ ಮಾಡಿಕೊಂಡರು: ತುಸು ಪ್ರವಾಹ, ದೀರ್ಘವಾದ ವಿರಾಮ, ಮತ್ತೆ ತುಸು ಪ್ರವಾಹ. ಇಂದಿಗೂ ಕೋಶದ ನಿಜವಾದ ರೇಖೆಯನ್ನು ಬರೆಯಬೇಕೆಂದವರು ಆ ತಾಳ್ಮೆಯನ್ನು ತಂದುಕೊಳ್ಳಬೇಕು.

ಇತ್ತ ಋಣಾಗ್ರದಲ್ಲಿಯೂ ಬದಲಾವಣೆ ಬಂದಿತು. ಆರಂಭದ ಕೋಶಗಳಲ್ಲಿದ್ದುದು ಅವ್ಯವಸ್ಥಿತ ರಚನೆಯ ಇಂಗಾಲ. ಅದರಿಂದ ಕೋಶದ ರೇಖೆಯು ಉದ್ದಕ್ಕೂ ಜಾರುತ್ತಿದ್ದಿತು, ಮತ್ತು ಆ ಜಾರಿಕೆಯಿಂದ ಉಳಿದ ಚಾರ್ಜನ್ನು ಲೆಕ್ಕ ಹಾಕುವುದು ಸುಲಭವಾಗಿದ್ದಿತು. ಗ್ರಾಫೈಟನ್ನು ಉಪಯೋಗಿಸಲು ಹೋದರೆ ಅಂದಿನ ದ್ರಾವಕವು ಅದರ ಪದರಗಳನ್ನು ಸುಲಿದು ಹಾಕುತ್ತಿದ್ದಿತು. ಎಥಿಲೀನ್ ಕಾರ್ಬೊನೇಟನ್ನು ಬೆರೆಸಿದರೆ ಈ ಕೇಡು ತಪ್ಪುವುದೆಂಬುದನ್ನು ಕೆನಡಾದಲ್ಲಿ ಜೆಫ್ ಡಾನ್ ಮತ್ತು ಅವರ ಸಂಗಡಿಗರು 1990ರಲ್ಲಿ ವಿಶದಪಡಿಸಿದರು. ಗ್ರಾಫೈಟು ಲಿಥಿಯಮನ್ನು ಸ್ವೀಕರಿಸುವ ರೀತಿಯೇ ಬೇರೆ: ಮೊದಲು ಕೆಲವು ಪದರಗಳ ನಡುವಿನ ಎಡೆ, ಆಮೇಲೆ ಒಂದು ಬಿಟ್ಟು ಒಂದು, ಕಡೆಯಲ್ಲಿ ಎಲ್ಲ ಎಡೆಗಳು, ಹೀಗೆ ಅಂತಸ್ತು ಅಂತಸ್ತಾಗಿ ತುಂಬುತ್ತದೆ. ಗಾಜಿನ ಕಿಂಡಿಯುಳ್ಳ ಪ್ರಯೋಗದ ಕೋಶದಲ್ಲಿ ಈ ಅಂತಸ್ತುಗಳನ್ನು ಕಣ್ಣಾರೆ ನೋಡಬಹುದು. ಕಪ್ಪಾದ ಗ್ರಾಫೈಟು ಮೊದಲು ನೀಲಿಗೆ, ಅಲ್ಲಿಂದ ಕೆಂಪಿಗೆ ತಿರುಗಿ, ಪೂರ್ತಿ ತುಂಬಿದಾಗ ಹೊಂಬಣ್ಣ ತಾಳುತ್ತದೆ. ವೋಲ್ಟೇಜಿನಲ್ಲಿ ಇವು ವೋಲ್ಟಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ ಅಂತರದ ಚಪ್ಪಟೆ ಮೆಟ್ಟಿಲುಗಳು. ಇದರಿಂದ ಕೋಶದ ಒಟ್ಟು ರೇಖೆಯೂ ಮೊದಲಿಗಿಂತ ಮಟ್ಟಸವಾಯಿತು. ಬಳಕೆದಾರನಿಗೆ ಸಮನಾದ ವೋಲ್ಟೇಜು ದೊರೆತ ಸಂತೋಷದೊಡನೆ, ಉಳಿದ ಚಾರ್ಜನ್ನು ಊಹಿಸುವ ಎಂಜಿನಿಯರನ ಸಂಕಟವೂ ಅಲ್ಲಿಗೆ ಆರಂಭವಾಯಿತು.

ಆ ಸಂಕಟವು ಪರಾಕಾಷ್ಠೆಗೆ ಬಂದದ್ದು ಕಬ್ಬಿಣದ ಫಾಸ್ಫೇಟಿನಲ್ಲಿ. ಗುಡ್‌ಇನಫ್ ಅವರು ಟೆಕ್ಸಾಸಿಗೆ ಹೋದ ಮೇಲೆ, ಅಲ್ಲಿ ಅಕ್ಷಯ ಪಾಢಿ ಮತ್ತು ಕೆ. ಎಸ್. ನಂಜುಂಡಸ್ವಾಮಿ ಅವರೊಡನೆ 1997ರಲ್ಲಿ ಪ್ರಕಟಿಸಿದ ಲೇಖನವು ಈ ಪದಾರ್ಥವನ್ನು ಲೋಕಕ್ಕೆ ಪರಿಚಯಿಸಿತು. ಕೋಬಾಲ್ಟು ದುರ್ಲಭ, ಕಬ್ಬಿಣ ಸುಲಭ. ಕಬ್ಬಿಣದಿಂದ ಸಾಧಾರಣವಾಗಿ ದೊರೆಯುವ ವೋಲ್ಟೇಜು ಸಾಲದಾದರೂ, ಫಾಸ್ಫೇಟಿನ ರಂಜಕವು ಆಮ್ಲಜನಕದ ಎಲೆಕ್ಟ್ರಾನುಗಳನ್ನು ತನ್ನೆಡೆಗೆ ಸೆಳೆದುಕೊಂಡು ಅದನ್ನು 3.4ರವರೆಗೆ ಮೇಲೆತ್ತುತ್ತದೆ. ಈ ಸ್ಫಟಿಕವು ಲಿಥಿಯಮ್ ಉಳ್ಳದ್ದು, ಇಲ್ಲದ್ದು ಎಂದು ಎರಡಾಗಿ ಒಡೆಯುವ ಜಾತಿಯದು. ಗಿಬ್ಸನ ನಿಯಮದಂತೆ ಅದರ ರೇಖೆಯು ಬಹುತೇಕ ಗೆರೆ ಎಳೆದಂತೆ ಚಪ್ಪಟೆ. ಮೊದಲಿಗೆ ವಿದ್ಯುತ್ತನ್ನು ಒಯ್ಯುವುದರಲ್ಲಿ ತೀರ ಮಂದವಾಗಿದ್ದ ಇದಕ್ಕೆ 1999ರ ಸುಮಾರಿನಲ್ಲಿ ಮಿಶೆಲ್ ಆರ್ಮಾನ್ ಮತ್ತು ಅವರ ಸಂಗಡಿಗರು ಇಂಗಾಲದ ತೆಳುವಾದ ಹೊದಿಕೆ ಹಾಕಿದ ಮೇಲೆ ಚುರುಕು ಬಂದಿತು. ಗ್ರಾಫೈಟಿನ ಜೊತೆಯಲ್ಲಿ ಈ ಕೋಶವು 3.65ರವರೆಗೆ ಚಾರ್ಜಾಗಿ, ಬಳಕೆಯ ಬಹುಭಾಗವನ್ನು 3.3 ಮತ್ತು 3.2ರ ನಡುವೆಯೇ ಕಳೆಯುತ್ತದೆ. ಡೇನಿಯಲ್ ಇದನ್ನು ನೋಡಿದ್ದರೆ ಹಿಗ್ಗುತ್ತಿದ್ದನು. ಆದರೆ ಇಂದಿನ ವಾಹನದ ಫಲಕಕ್ಕೆ ಶೇಕಡಾ ಎಷ್ಟು ಉಳಿದಿದೆಯೆಂದು ಹೇಳಬೇಕಾದ ಯಂತ್ರಕ್ಕೆ ಈ ಸ್ಥೈರ್ಯವೇ ದೊಡ್ಡ ತೊಡಕು. ಶೇಕಡಾ 70ಕ್ಕೂ 40ಕ್ಕೂ ವೋಲ್ಟೇಜಿನಲ್ಲಿ ಕಾಣುವ ವ್ಯತ್ಯಾಸ ವೋಲ್ಟಿನ ನೂರರಲ್ಲಿ ಕೆಲವೇ ಪಾಲು. ಆದುದರಿಂದ ಒಳಹೋದ ಮತ್ತು ಹೊರಬಂದ ಪ್ರವಾಹವನ್ನು ಕ್ಷಣಕ್ಷಣಕ್ಕೂ ಕೂಡಿ ಕಳೆದು ಲೆಕ್ಕ ಇಡಬೇಕು. ಆ ಲೆಕ್ಕದಲ್ಲಿ ದಿನದಿನಕ್ಕೂ ಸೇರುವ ಅಲ್ಪದೋಷಗಳನ್ನು ತೊಡೆಯಲು ಆಗಾಗ ಕೋಶವನ್ನು ಪೂರ್ತಿ ತುಂಬಿಸಿ, ರೇಖೆಯು ಕಡೆಯಲ್ಲಿ ಥಟ್ಟನೆ ಮೇಲೇರುವ ಆ ತುದಿಯನ್ನು ಮುಟ್ಟಿಸಬೇಕು. ಇಂಥ ಬ್ಯಾಟರಿಯುಳ್ಳ ವಾಹನವನ್ನು ಆಗಾಗ ಶೇಕಡಾ 100ರವರೆಗೆ ಚಾರ್ಜು ಮಾಡಿರೆಂದು ತಯಾರಕರು ಸೂಚಿಸುವುದಕ್ಕೆ ಇದೂ ಒಂದು ಕಾರಣ.

ಪಾಢಿ, ನಂಜುಂಡಸ್ವಾಮಿ, ಗುಡ್‌ಇನಫ್ ಇವರ ಅದೇ ಲೇಖನದಲ್ಲಿ, ಕಬ್ಬಿಣದ ಒಂದು ಭಾಗಕ್ಕೆ ಬದಲಾಗಿ ಮ್ಯಾಂಗನೀಸನ್ನು ಸೇರಿಸಿದರೆ ಏನಾಗುವುದೆಂಬುದರ ವಿವರವೂ ಇದೆ. ಮ್ಯಾಂಗನೀಸಿನ ಪಾಲು 4.1 ವೋಲ್ಟಿನಲ್ಲಿ, ಕಬ್ಬಿಣದ ಪಾಲು 3.5ರ ಹತ್ತಿರ ಕೆಲಸ ಮಾಡುವುದರಿಂದ ರೇಖೆಯಲ್ಲಿ ಎರಡು ಮಟ್ಟಗಳೂ ನಡುವೆ ಒಂದು ಕಡಿದಾದ ಇಳಿತವೂ ಬರುತ್ತವೆ. ಬಹುಕಾಲ ಪ್ರಯೋಗಶಾಲೆಗಳಲ್ಲಿಯೇ ಉಳಿದಿದ್ದ ಈ ಮಿಶ್ರಣವನ್ನು ಈಗ ಕಾರ್ಖಾನೆಗಳು ಕೈಗೆತ್ತಿಕೊಂಡಿರುವುದು ಮುಖ್ಯವಾಗಿ ಹೆಚ್ಚಿನ ವೋಲ್ಟೇಜಿನ ಆಶೆಯಿಂದ. ಆದರೂ ಮ್ಯಾಂಗನೀಸಿನ ಸರದಿ ಮುಗಿದು ಕಬ್ಬಿಣದ ಸರದಿ ಮೊದಲಾಗುವ ಆ ಇಳಿತವು, ಲೆಕ್ಕ ಇಡುವ ಚಿಪ್ಪಿಗೆ ದಾರಿಯ ನಡುವೆ ನೆಟ್ಟ ಮೈಲಿಗಲ್ಲಾಗಿಯೂ ಒದಗುತ್ತದೆ.